‘ಸ್ನಿಪ್ಪೆಟ್’ಗೆ ‘ತುಣುಕು’ ಒಪ್ಪುತ್ತದೆಯೆ? ‘ಟ್ರಿಕ್’ಗೆ ಏನನ್ನೋಣ?

ಗೆಳೆಯರೆ, ನಮಸ್ಕಾರ.

ಬಸವನಗುಡಿಯಲ್ಲಿ ನಾವು ಕೆಲವರು ಸೇರಿ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಡಿಪ್ಲೊಮಾ ಮಕ್ಕಳಿಗೆ ಭಾನುವಾರ ಲಿನಕ್ಸ್ (ವಿಂಡೋಸ್‌ನಂತೆ ಕಂಪ್ಯೂಟರ್ ನಡೆಸುವ ತಂತ್ರಾಂಶ) ಹೇಳಿಕೊಡುತ್ತೇವೆ. ದಿನಬಳಕೆಯ ಪುಟ್ಟ ಪುಟ್ಟ ಕೋಡ್‌ಗಳನ್ನೆಲ್ಲ ಒಂದೆಡೆ ಸೇರಿಸಿ ಅವರಿಗೊಂದು ಕಿರುಹೊತ್ತಗೆ ಮಾಡುತ್ತಿದ್ದೇವೆ. ಕೋಡ್ ಸಿದ್ಧವಿದೆ. ತಕರಾರು ಇರುವುದು ಅಧ್ಯಾಯಗಳ ಹೆಸರಿನಲ್ಲಿ.

ಇಂಥ ಪುಟ್ಟ ಕೋಡ್‌ಗೆ, ಅಂದರೆ ಸ್ನಿಪ್ಪೆಟ್‌ಗೆ, ‘ಕೋಡ್ ತುಣುಕು’ ಎಂದು ಬರೆಯುವುದನ್ನು ನೋಡಿದ್ದೇನೆ. ನನಗದು ಅರೆಮನಸ್ಸಿನ ಒಪ್ಪಿಗೆ. ತುಣುಕು ಎಂದರೆ ಯಾವುದರಿಂದಲೋ ಮುರಿದು ಬಂದದ್ದು: ರೊಟ್ಟಿ ತುಣುಕು, ಬಟ್ಟೆ ತುಣುಕು. ಇಂಗ್ಲಿಷ್ ಪದದ ಬೇರಿನಲ್ಲೂ ಕತ್ತರಿಸಿದ್ದು ಎಂಬ ಅರ್ಥವೇ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಆಫೀಸಿನಲ್ಲಿ ‘ಆ ಸ್ನಿಪ್ಪೆಟ್ ಸ್ವಲ್ಪ ಕಳ್ಸೋ’ ಎಂದಾಗ ಯಾರೂ ಮುರುಕು ಚೂರು ಕೇಳುತ್ತಿರುವುದಿಲ್ಲ. ಫೈಲಿನ ಹೆಸರೊಂದು ಬದಲಿಸಿದರೆ ತನ್ನಷ್ಟಕ್ಕೆ ಓಡುವಂಥದ್ದನ್ನು ಕೇಳುತ್ತಿರುತ್ತಾರೆ.

ಈ ಬಳಗಕ್ಕೇ ಉಪಯೋಗಕ್ಕೆ ಬರುವ ಒಂದನ್ನು ಹೇಳುತ್ತೇನೆ. ಒಂದು ಬರಹದಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂದು ತಿಳಿಯಬೇಕು. ‘ಟಿಆರ್’ ಎಂಬ ಕಮಾಂಡ್ ಬಳಸಿ ಪದಗಳ ನಡುವಿನ ಖಾಲಿ ಜಾಗವನ್ನೆಲ್ಲ ಹೊಸ ಸಾಲು ಮಾಡಿ. ಬಂದದ್ದನ್ನು ಪೈಪ್ ಹಾಕಿ, ಅಂದರೆ ಒಂದು ಕಮಾಂಡಿನಿಂದ ಮುಂದಿನದಕ್ಕೆ ಹರಿಸಿ, ಸಾಲುಗಳನ್ನು ಕ್ರಮವಾಗಿ ಜೋಡಿಸುವ ‘ಸಾರ್ಟ್’ಗೆ ಕೊಡಿ, ಅಲ್ಲಿಂದ ಎಣಿಕೆಯ ‘ಸಿ’ ಆಯ್ಕೆಯೊಂದಿಗೆ ‘ಯೂನಿಕ್’ಗೆ, ಕೊನೆಗೆ ‘ಆರ್‌ಎನ್’ ಆಯ್ಕೆಯೊಂದಿಗೆ ಮತ್ತೆ ‘ಸಾರ್ಟ್’ಗೆ. ಎಲ್ಲ ಒಂದೇ ಸಾಲು. ಸಾರ್ಟ್ ಎರಡು ಸಲ ಯಾಕೆ ಎಂದು ಪ್ರತಿ ತಂಡದಲ್ಲೂ ಯಾರಾದರೂ ಕೇಳುತ್ತಾರೆ. ಯೂನಿಕ್ ಗುರುತಿಸುವುದು ಒಂದರ ಹಿಂದೊಂದು ಬಂದ ಒಂದೇ ಥರದ ಸಾಲುಗಳನ್ನು ಮಾತ್ರ. ಚದುರಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ, ಹಾಗಾಗಿ ಮೊದಲೇ ಒಂದೆಡೆ ಕೂಡಿಸಿ ಕೊಡಬೇಕು. ಎರಡನೆಯ ಸಾರ್ಟ್, ಹೆಚ್ಚು ಸಲ ಬಂದದ್ದು ಮೇಲೆ ಕಾಣಲಿ ಎಂದು.

ಕನ್ನಡಕ್ಕೆ ಇಷ್ಟೇ ಸಾಲದು. ಪಟ್ಟಿಯಲ್ಲಿ ‘ಬಸ್’ ಎರಡು ಕಡೆ ಬೇರೆ ಬೇರೆ ಎಣಿಕೆಯೊಂದಿಗೆ ಕೂತಿರುತ್ತದೆ, ಕಣ್ಣಿಗೆ ಎರಡೂ ಒಂದೇ. ಒಂದರ ಬಾಲದಲ್ಲಿ ಯೂನಿಕೋಡ್‌ನ 200ಸಿ ಸಂಖ್ಯೆಯ ‘ಝಡ್‌ಡಬ್ಲ್ಯುಎನ್‌ಜೆ’ ಎಂಬ ಕಣ್ಣಿಗೆ ಕಾಣದ ಚಿಹ್ನೆ ಅಡಗಿರುತ್ತದೆ. ಒತ್ತಕ್ಷರ ಕೂಡದಂತೆ ತಡೆಯುವುದು ಅದರ ಕೆಲಸ, ಪದದ ಕೊನೆಯಲ್ಲಿ ಅದಕ್ಕೆ ಏನೂ ಕೆಲಸವಿಲ್ಲ. ಆದ್ದರಿಂದ ಮೊದಲ ಸಾರ್ಟ್‌ಗೂ ಮುಂಚೆ ಬರಹ ತಿದ್ದುವ ‘ಸೆಡ್’ ಕಮಾಂಡೊಂದನ್ನು ತೂರಿಸಿ ಸಾಲಿನ ಕೊನೆಯಲ್ಲಿರುವುದನ್ನಷ್ಟೇ ಅಳಿಸಬೇಕು. ಎಲ್ಲ ಕಡೆ ಅಳಿಸಿದಿರೋ, ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆದಾನು!

ಇಂಥದ್ದನ್ನು ತುಣುಕು ಎನ್ನಲು ನನಗೆ ಬಾಯಿ ಬರುವುದಿಲ್ಲ. ನನ್ನ ಸೂಚನೆ ‘ಮಟ್ಟು’. ‘ಇದನ್ನೂ ಅದೇ ಮಟ್ಟಿನಲ್ಲಿ ಹಾಡು’ ಎನ್ನುತ್ತೇವಲ್ಲ, ಮಟ್ಟು ಹಾಗೇ ನಿಲ್ಲುತ್ತದೆ, ಮಾತು ಬದಲಾಗುತ್ತದೆ. ಸ್ನಿಪ್ಪೆಟ್ ಮಾಡುವುದೂ ಅದನ್ನೇ. ತೊಡಕೆಂದರೆ ‘ಮಟ್ಟ’ದ ಜೊತೆ ಗೋಜಲಾಗುತ್ತದೆ. ತರಗತಿಯಲ್ಲಿ ಹೇಳಿ ನೋಡಿದೆ, ಮುಂದಿನ ಸಾಲಿನ ಹುಡುಗಿ ‘ಮಟ್ಟು ಅಂದ್ರೆ ಲೆವೆಲ್ಲಾ ಸಾರ್?’ ಎಂದಳು.

ಇನ್ನು ಟ್ರಿಕ್. ಸ್ನಿಪ್ಪೆಟ್ ಫೈಲಿನಲ್ಲಿ ಉಳಿಯುವಂಥದ್ದು, ಟ್ರಿಕ್ ಬೆರಳಿಗೆ ಹತ್ತುವಂಥದ್ದು. ಕಮಾಂಡ್ ಟೈಪ್ ಮಾಡುವ ಶೆಲ್ ಆದ ಬ್ಯಾಷ್‌ನಲ್ಲಿ, ಕಮಾಂಡಿಗೆ ಮೇಲಧಿಕಾರ ಕೊಡುವ ‘ಸುಡೊ’ ಹಾಕಲು ಮರೆತರೆ ಇಡೀ ಕಮಾಂಡನ್ನು ಮತ್ತೆ ಟೈಪ್ ಮಾಡಬೇಕಿಲ್ಲ. ಸುಡೊ ಎಂದು ಬರೆದು ಮುಂದೆ ಎರಡು ಆಶ್ಚರ್ಯಸೂಚಕ ಚಿಹ್ನೆ ಒತ್ತಿದರೆ ಹಿಂದಿನ ಕಮಾಂಡ್ ಅಲ್ಲಿ ಬಂದು ಕೂರುತ್ತದೆ. ಫೋಲ್ಡರ್ ಬದಲಿಸುವ ‘ಸಿಡಿ’ ಮುಂದೆ ಒಂದು ಅಡ್ಡಗೆರೆ ಹಾಕಿದರೆ ಈ ಹಿಂದೆ ಇದ್ದ ಫೋಲ್ಡರಿಗೆ ವಾಪಸ್. ಇದಕ್ಕೆ ‘ತಂತ್ರ’ ಭಾರವಾಯಿತು, ತಂತ್ರಾಂಶ, ತಂತ್ರಜ್ಞಾನದ ಸಾಲಿನಲ್ಲಿ ಕಳೆದೇ ಹೋಗುತ್ತದೆ. ‘ಕೈಚಳಕ’ ಎಂದರೆ ಪೇಪರಿನ ‘ಕಳ್ಳರ ಕೈಚಳಕ’ ನೆನಪಾಗಿ ಮೆಜೆಸ್ಟಿಕ್‌ನಲ್ಲಿ ಜೇಬು ಮುಟ್ಟಿಕೊಂಡಂತಾಗುತ್ತದೆ. ನನ್ನ ಓಟು ಗರಡಿಮನೆಯ ‘ಪಟ್ಟು’ವಿಗೆ. ‘ಪಟ್ಟು ಹಿಡಿದ’ ಎಂದರೆ ಹಟ ಎಂಬ ಅರ್ಥವೂ ಇದೆ, ಆದರೆ ‘ಶೆಲ್ ಪಟ್ಟುಗಳು’ ಎಂದರೆ ಯಾರೂ ಹಟ ಎಂದುಕೊಳ್ಳಲಾರರು.

ಪೈಪ್ ಪೈಪಾಗಿಯೇ ಇರಲಿ. ಲಿನಕ್ಸ್‌ಗೆ ಮಾದರಿಯಾದ ಯೂನಿಕ್ಸ್‌ಗೆ ಅದು ಬಂದದ್ದು 1973ರಲ್ಲಿ. ಅದರ ಹಿಂದಿದ್ದ ಡಗ್ ಮೆಕಿಲ್ರಾಯ್ 1964ರಷ್ಟು ಹಿಂದೆಯೇ, ತೋಟಕ್ಕೆ ನೀರು ಬಿಡುವ ಕೊಳವೆಗಳನ್ನು ಜೋಡಿಸುವ ಹಾಗೆ ಪ್ರೋಗ್ರಾಮ್‌ಗಳನ್ನು ಜೋಡಿಸುವಂತಿರಬೇಕು ಎಂದು ಬರೆದಿದ್ದರು, ಹಾಗಾಗಿ ‘ಕೊಳವೆ’ ತಪ್ಪೇನಲ್ಲ. ಆದರೆ ‘ಪೈಪ್ ಹಾಕು’ ಎನ್ನುವುದು ಮಕ್ಕಳ ಬಾಯಲ್ಲಿ ಆಗಲೇ ಕನ್ನಡವಾಗಿದೆ.

ಹಳೇ ಮೈಸೂರು ಕಡೆಯವರು, ಗರಡಿಯ ಒಡನಾಟ ಇದ್ದವರು ತಿಳಿಸಿ: ‘ಪಟ್ಟು’ ಮತ್ತು ‘ವರಸೆ’ ಒಂದೇಯೋ, ಅಥವಾ ವರಸೆ ಎಂದರೆ ಹಲವು ಪಟ್ಟುಗಳ ಸಾಲೋ? ಎರಡನೆಯದಾದರೆ, ಆ ಅಧ್ಯಾಯದ ಹೆಸರೇ ಬದಲಾಗಬೇಕು. ‘ಮಟ್ಟು’ ಬೇಡವೆನ್ನುವವರು ಬದಲಿ ಪದವನ್ನೂ ಜೊತೆಗೇ ಕಳಿಸಿ.