ಟೆಕ್ಸಸ್‌ನಲ್ಲಿ ಎಚ್‌ಒಎ (ಮನೆ ಮಾಲೀಕರ ಸಂಘ) ಡ್ಯೂಸ್‌ನಿಂದ (ಸದಸ್ಯರ ವಂತಿಗೆ) ವಾಲಂಟಿಯರ್ ಅಗ್ನಿಶಾಮಕ ದಳಕ್ಕೆ ಹಣ ಕೊಡುವುದು ಹೇಗೆ?

ಹೊಸ ಖಜಾಂಚಿ:
ಹಿಲ್ ಕಂಟ್ರಿ ಕಡೆ, ಯಾವ ಸಿಟಿಗೂ ಸೇರದ ಜಾಗದಲ್ಲಿ 240 ಮನೆಗಳ ಎಚ್‌ಒಎ ನಮ್ಮದು. ಬೆಂಕಿ ಬಿದ್ದರೆ ಓಡಿ ಬರುವುದು ವಾಲಂಟಿಯರ್ ದಳವೇ. ಅದು 501(ಸಿ)(3), ಅಂದರೆ ತೆರಿಗೆಯಿಲ್ಲದ ದತ್ತಿ ಸಂಸ್ಥೆ. ಮನೆಗೆ 150 ಡಾಲರ್‌ನಂತೆ ವರ್ಷಕ್ಕೆ 36,000 ಕೊಡುವ ಆಲೋಚನೆಯಿದೆ. ಇದನ್ನು ಡ್ಯೂಸ್‌ಗೆ ಸೇರಿಸಬಹುದೇ? ಒಂದೇ ಚೆಕ್ ಬರೆದುಕೊಟ್ಟರೆ ಆಯಿತೇ?

ಲೆಕ್ಕದವರು:
ಮೊದಲು ನಿಮ್ಮ ಡಿಕ್ಲರೇಷನ್, ಅಂದರೆ ಸಂಘದ ಮೂಲ ನಿಯಮಪತ್ರ, ತೆಗೆದು ಓದಿ. ಡ್ಯೂಸ್ ಯಾವುದಕ್ಕೆ ಖರ್ಚಾಗಬಹುದು ಎಂಬ ಕಡೆ ಅಗ್ನಿರಕ್ಷಣೆಯ ಮಾತೇ ಇಲ್ಲದಿದ್ದರೆ ಬೋರ್ಡ್ ಠರಾವೊಂದನ್ನೇ ನಂಬಬೇಡಿ. ಒಬ್ಬ ಸದಸ್ಯ ತಕರಾರು ತೆಗೆದರೂ ವಸೂಲಿ ನಿಲ್ಲಬಹುದು. ಅದರ ತಿದ್ದುಪಡಿಗೆ ಟೆಕ್ಸಸ್ ಪ್ರಾಪರ್ಟಿ ಕೋಡ್ 209.0041ರ ಪ್ರಕಾರ ಒಟ್ಟು ಮತಗಳಲ್ಲಿ 67% ಬೇಕು. ಡಿಕ್ಲರೇಷನ್‌ನಲ್ಲಿ ಅದಕ್ಕಿಂತ ಕಡಿಮೆ ಹೇಳಿದ್ದರೆ ಅಷ್ಟೇ ಸಾಕು. ಸಭೆಗೆ ಬಂದವರ 67% ಅಲ್ಲ, ಎಲ್ಲ ಮನೆಗಳ 67%. ಹೆಚ್ಚಿನವರು ಎಡವುವುದು ಇಲ್ಲೇ.

ತೆರಿಗೆ ವಿಷಯ: ನೀವು ಎಚ್‌ಒಎಗಳ ತೆರಿಗೆ ಫಾರ್ಮ್ 1120-ಎಚ್ ಸಲ್ಲಿಸುತ್ತಿದ್ದರೆ ಖರ್ಚಿನ 90% ಸಂಘದ ಆಸ್ತಿಯ ನಿರ್ವಹಣೆಯಂಥ ಕೆಲಸಕ್ಕೇ ಹೋಗಿರಬೇಕು. ಹೊರಗಿನ ದಳಕ್ಕೆ ಕೊಟ್ಟ 36,000 ಆ ಲೆಕ್ಕ ಕೆಡಿಸುತ್ತದೆಯೇ ಎಂದು ಸಿಪಿಎ (ಪರವಾನಗಿಯಿರುವ ಲೆಕ್ಕಿಗ) ಹತ್ತಿರ ಮೊದಲೇ ಕೇಳಿ. ಡ್ಯೂಸ್ ಮೂಲಕ ಕೊಟ್ಟದ್ದಕ್ಕೆ ಸದಸ್ಯರಿಗೆ ತೆರಿಗೆ ವಿನಾಯಿತಿಯಿಲ್ಲ. ನೇರ ದಳಕ್ಕೇ ಕೊಟ್ಟರೆ ಸಿಗಬಹುದು.

ಸಲಕರಣೆ ನೋಡಿಕೊಳ್ಳುವವ:
ಒಂದೇ ಚೆಕ್ ಬೇಡ. ಒಪ್ಪಂದ ಬರೆಸಿ ಮೂರು ತಿಂಗಳಿಗೊಂದು ಕಂತು ಕೊಡಿ. ಹಿಂದಿನ ಕಂತಿನ ಲೆಕ್ಕ ಬಂದ ಮೇಲೆ ಮುಂದಿನದು. ಡೀಸೆಲ್‌ಗೂ ಇನ್ಶೂರೆನ್ಸ್‌ಗೂ ಹಣ ಹೇಗೋ ಹೊಂದುತ್ತದೆ, ದಳಗಳು ಸೋಲುವುದು ಬದಲಿ ಸಾಮಾನಿನಲ್ಲಿ. ಬೆಂಕಿಗೆ ಇಳಿಯುವಾಗ ತೊಡುವ ಟರ್ನ್‌ಔಟ್ ಗೇರ್ ಅನ್ನು ತಯಾರಾದ ದಿನದಿಂದ 10 ವರ್ಷಕ್ಕೆ ಬಿಡಬೇಕು, ಒಮ್ಮೆಯೂ ಹಾಕದಿದ್ದರೂ ಸರಿ. ಉಸಿರಾಟದ ಕಾಂಪೊಸಿಟ್ ಸಿಲಿಂಡರ್‌ಗೆ 5 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ). ಸಾಮಾನ್ಯವಾಗಿ 15 ವರ್ಷಕ್ಕೆ ಅದರ ಆಯಸ್ಸು ಮುಗಿಯಿತು. 20 ಜನರಿಗೆ ತಲಾ 4,000 ಡಾಲರ್ ಗೇರ್ ಎಂದು ಹಿಡಿದರೂ 80,000. ಅಂದರೆ ವರ್ಷಕ್ಕೆ 8,000 ಬೇರೆ ಖಾತೆಯಲ್ಲಿ ಕೂಡಿಡಬೇಕು. ಒಂದೇ ವರ್ಷ ಎಲ್ಲ ಕೊಂಡರೆ ಎಲ್ಲದರ ಅವಧಿಯೂ ಒಟ್ಟಿಗೇ ಮುಗಿಯುತ್ತದೆ. ವರ್ಷಕ್ಕೆ ಎರಡು ಸೆಟ್ ಕೊಳ್ಳಿಸಿ.

ಕೇಂದ್ರ ಸರ್ಕಾರದ ವಿಪತ್ತು ಸಂಸ್ಥೆ ಫೀಮಾ ಅಗ್ನಿಶಾಮಕ ದಳಗಳಿಗೆ ಕೊಡುವ ಎಎಫ್‌ಜಿ ಅನುದಾನಕ್ಕೆ ದಳವೇ ಅರ್ಜಿ ಹಾಕಬೇಕು. 20,000ಕ್ಕಿಂತ ಹೆಚ್ಚು ಜನಸಂಖ್ಯೆಯಿಲ್ಲದ ಕಡೆ ಸ್ಥಳೀಯ ಪಾಲು 5% ಮಾತ್ರ. ಆ 5% ನಿಮ್ಮ ಹಣದಿಂದ ಬರಲಿ. ಅದಕ್ಕಿಂತ ಒಳ್ಳೆಯ ಉಪಯೋಗ ಇನ್ನೊಂದಿಲ್ಲ.

ಪಕ್ಕದ ಕೌಂಟಿ:
ದಳ ನಿಮ್ಮ 240 ಮನೆಗಳಿಗಷ್ಟೇ ಓಡುವುದಿಲ್ಲ, ಆಚೆಯ ರ‍್ಯಾಂಚ್‌ಗಳಿಗೂ ಹೋಗುತ್ತದೆ. ಬಾಕಿಯವರೂ ಪಾಲು ಕೊಡಬೇಕಾದರೆ ಎಮರ್ಜೆನ್ಸಿ ಸರ್ವಿಸಸ್ ಡಿಸ್ಟ್ರಿಕ್ಟ್, ಅಂದರೆ ತುರ್ತು ಸೇವೆಗೆಂದು ಆಸ್ತಿ ತೆರಿಗೆ ಹಾಕುವ ಸ್ಥಳೀಯ ಸಂಸ್ಥೆ, ಮಾಡಿಸಿ. ಅಲ್ಲಿ ತೆರಿಗೆ ಬೀಳುವ ಆಸ್ತಿಯಿರುವ ಕನಿಷ್ಠ 100 ಮತದಾರರ ಸಹಿಯ ಅರ್ಜಿ ಕೌಂಟಿ ಜಡ್ಜ್‌ಗೆ, ಆಮೇಲೆ ಕಮಿಷನರ್ಸ್ ಕೋರ್ಟ್ (ಕೌಂಟಿಯ ಆಡಳಿತ ಮಂಡಳಿ) ವಿಚಾರಣೆ, ಕೊನೆಗೆ ಚುನಾವಣೆ. ತೆರಿಗೆ 100 ಡಾಲರ್ ಮೌಲ್ಯಕ್ಕೆ 10 ಸೆಂಟ್ ಮೀರುವಂತಿಲ್ಲ. 4 ಲಕ್ಷ ಡಾಲರ್ ಮನೆಗೆ ಹೆಚ್ಚೆಂದರೆ 400. ನೀವಂದುಕೊಂಡ 150ಕ್ಕಿಂತ ಜಾಸ್ತಿ, ನಿಜ. ಆದರೆ ಪ್ರತಿ ವರ್ಷ ಮನೆಮನೆಗೆ ಹೋಗಿ ಕೇಳುವ ಕೆಲಸವಿಲ್ಲ. ಅಲ್ಲಿಯವರೆಗೆ ಎಚ್‌ಒಎ ಒಪ್ಪಂದವನ್ನು ವರ್ಷವರ್ಷಕ್ಕೂ ನವೀಕರಿಸುವಂತೆ ಇಡಿ, ಡಿಸ್ಟ್ರಿಕ್ಟ್ ಬಂದ ದಿನ ಮುಗಿಯುತ್ತದೆ ಎಂಬ ಷರತ್ತನ್ನೂ ಸೇರಿಸಿ. ಇಲ್ಲದಿದ್ದರೆ ಜನ ಎರಡು ಕಡೆ ಕಟ್ಟಬೇಕಾಗುತ್ತದೆ.