ಅಪ್‌ಡೇಟ್: ಸಂಗೀತ ಪದವಿಯ ನಂತರ ಸೇನಾ ಬ್ಯಾಂಡ್

ಬಾನ್ಸುರಿಯಲ್ಲಿ ಪದವಿ ಮುಗಿಸುತ್ತಿರುವ ನಾನು ಸೇನಾ ಬ್ಯಾಂಡ್ ಸೇರಬಹುದೇ ಎಂದು ಹಿಂದೆ ಕೇಳಿದ್ದೆ. ನಿಮ್ಮಲ್ಲಿ ಹಲವರು ಸೂಚಿಸಿದಂತೆ, ಮರಾಠಾ ಲಘು ಪದಾತಿದಳದ ಕೇಂದ್ರವಿರುವ ನಮ್ಮ ಬೆಳಗಾವಿಯಲ್ಲಿಯೇ ನೆಲೆಸಿರುವ ನಿವೃತ್ತ ಬ್ಯಾಂಡ್ ವಾದಕರೊಬ್ಬರನ್ನು ಕಂಡು ಮಾತನಾಡಿದೆ.

ನೌಕಾಪಡೆ ಮತ್ತು ವಾಯುಪಡೆಯ ಸಂಗೀತಗಾರ ಹುದ್ದೆಗಳಿಗೆ ಹತ್ತನೇ ತರಗತಿಯ ವಿದ್ಯಾರ್ಹತೆ ಸಾಕಾಗಿದ್ದು, ಪದವಿಗಿಂತ ವಾದ್ಯದ ಮೇಲಿನ ಹಿಡಿತ ಹಾಗೂ ಶ್ರುತಿಜ್ಞಾನವೇ ಮುಖ್ಯವೆಂದು ಅವರು ತಿಳಿಸಿದರು. ಹಿಂದೂಸ್ತಾನಿ ಸಂಗೀತದ ವಿದ್ಯಾರ್ಥಿಗಳಾದ ನಾವು ಕಲಿತದ್ದು ಸ್ವರಗಳನ್ನು ಅಕ್ಷರಗಳಲ್ಲಿ ಬರೆಯುವ ಭಾತಖಂಡೆ ಸ್ವರಲಿಪಿ. ಬ್ಯಾಂಡಿನಲ್ಲಿ ಓದಬೇಕಾದದ್ದು ಐದು ಗೆರೆಗಳ ಮೇಲೆ ಸ್ವರಗಳನ್ನು ಗುರುತಿಸುವ ಪಾಶ್ಚಾತ್ಯ ಸ್ವರಲಿಪಿಯಾದ ಸ್ಟಾಫ್ ನೊಟೇಶನ್. ಬ್ಯಾಂಡಿನ ಕ್ಲಾರಿನೆಟ್ಟಿನಲ್ಲಿ ‘ಸಿ’ ಎಂದು ಬರೆದ ಸ್ವರ ‘ಬಿ ಫ್ಲ್ಯಾಟ್’ ಆಗಿ, ಅಂದರೆ ಬರೆದದ್ದಕ್ಕಿಂತ ತಗ್ಗಿನ ಸ್ವರವಾಗಿ, ಕೇಳಿಸುತ್ತದೆ ಎಂಬುದು ಹೊಸಬರನ್ನು ಗೊಂದಲಕ್ಕೀಡುಮಾಡುತ್ತದಂತೆ. ಷಡ್ಜವನ್ನು ಬೇಕಾದ ಶ್ರುತಿಯಲ್ಲಿಟ್ಟು ನುಡಿಸುವ ನಮಗೆ ಇದು ಅಷ್ಟೇನೂ ಕಷ್ಟವಾಗದು ಎಂಬುದು ನನ್ನ ಅನಿಸಿಕೆ.

ನಿಜವಾದ ಚಿಂತೆ ಬೇರೆಯೇ ಇದೆ. 2022ರಲ್ಲಿ ಜಾರಿಗೆ ಬಂದ ಅಗ್ನಿಪಥ ಯೋಜನೆಯಡಿ ಸೇವೆ ನಾಲ್ಕು ವರ್ಷ ಮಾತ್ರ. ಬಳಿಕ ಶೇ 25ರವರೆಗಿನ ಅಗ್ನಿವೀರರನ್ನಷ್ಟೇ ಉಳಿಸಿಕೊಳ್ಳುತ್ತಾರೆ. ತಾಯಿಯವರ ಆಕ್ಷೇಪವೂ ಇದೇ. ಆದರೂ ವಯೋಮಿತಿ ಮೀರುವ ಮುನ್ನ ವಾಯುಪಡೆಗೆ ಅರ್ಜಿ ಸಲ್ಲಿಸಲು ನಿರ್ಧರಿಸಿದ್ದೇನೆ. ಆಯ್ಕೆಯಾಗದಿದ್ದರೆ, ಕರ್ನಾಟಕ ಸಂಗೀತದ ಪ್ರತ್ಯೇಕ ವಾದ್ಯವೃಂದವನ್ನೂ ಹೊಂದಿರುವ ಮೈಸೂರಿನ ಪೊಲೀಸ್ ಬ್ಯಾಂಡಿನ ನೇಮಕಾತಿಗಾಗಿ ಕಾಯುತ್ತೇನೆ.