ಸಹಾಯ ಬೇಕು: ಸ್ತನ ಕ್ಯಾನ್ಸರ್ ಲಸಿಕೆ ಪ್ರಯೋಗಕ್ಕೆ ಸೇರಿದವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮಕ್ಕನಿಗೆ ಟ್ರಿಪಲ್ ನೆಗೆಟಿವ್ (ಹಾರ್ಮೋನ್ ಔಷಧಿ ಕೆಲಸ ಮಾಡದ ಒಂದು ಬಗೆಯ) ಸ್ತನ ಕ್ಯಾನ್ಸರ್ ಆಗಿತ್ತು. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿದು ಈಗ ಸ್ಕ್ಯಾನ್‌ನಲ್ಲಿ ಏನೂ ಕಾಣುತ್ತಿಲ್ಲ. ಆದರೆ ಮತ್ತೆ ಬರುವ ಭಯ ಹೋಗಿಲ್ಲ. ಚೆಕಪ್ ಹತ್ತಿರ ಬಂದರೆ ನಿದ್ದೆ ಬಿಟ್ಟು ಕಂಕುಳು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾಳೆ.

ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ 2021ರಲ್ಲಿ ಶುರು ಮಾಡಿದ ಲಸಿಕೆ ಪ್ರಯೋಗದ ಬಗ್ಗೆ ಓದಿದೆ. ಆಲ್ಫಾ-ಲ್ಯಾಕ್ಟಾಲ್ಬುಮಿನ್ ಅನ್ನೋ ಪ್ರೋಟೀನ್ ಹಾಲೂಡಿಸುವ ಕಾಲ ಬಿಟ್ಟರೆ ಆರೋಗ್ಯವಂತ ಸ್ತನದಲ್ಲಿ ಇರುವುದಿಲ್ಲ, ಆದರೆ ಈ ಬಗೆಯ ಬಹಳಷ್ಟು ಗಡ್ಡೆಗಳಲ್ಲಿ ಇರುತ್ತದಂತೆ. ಅದನ್ನು ಗುರುತು ಹಿಡಿದು ಹೊಡೆಯಲು ನಮ್ಮ ರೋಗನಿರೋಧಕ ಕಣಗಳಿಗೇ ಕಲಿಸುವುದು. ಎರಡೆರಡು ವಾರದ ಅಂತರದಲ್ಲಿ 3 ಇಂಜೆಕ್ಷನ್. ಮೊದಲ ಹಂತ ಇರುವುದು ಡೋಸ್, ಸುರಕ್ಷತೆ ನೋಡುವುದಕ್ಕೆ ಅಂತಲೂ ಗೊತ್ತು. ಕೆಲವು ಸ್ತನ ಗಡ್ಡೆಗಳಲ್ಲಿ ಹೆಚ್ಚಿರುವ ಹರ್2 ಅನ್ನೋ ಪ್ರೋಟೀನನ್ನು ಗುರಿಯಾಗಿಸಿದ್ದ ನ್ಯೂವ್ಯಾಕ್ಸ್ ಅನ್ನೋ ಇನ್ನೊಂದು ಲಸಿಕೆಯ ಪ್ರಯೋಗ 3ನೇ ಹಂತದವರೆಗೆ ಬಂದು 2016ರಲ್ಲಿ ನಿಂತುಹೋಯಿತು. ಹಾಗಾಗಿ ಅಕ್ಕನಿಗೆ ಸುಮ್ಮನೆ ಆಸೆ ಹುಟ್ಟಿಸಲು ಮನಸ್ಸಿಲ್ಲ, ಅವಳಿಗೆ ಇನ್ನೂ ಹೇಳಿಲ್ಲ.

ಇಂಥ ಪ್ರಯೋಗಕ್ಕೆ ಸೇರಿದವರು ಅಥವಾ ಅವರ ಮನೆಯವರು ದಯವಿಟ್ಟು ತಿಳಿಸಿ. ಚಿಕಿತ್ಸೆ ಮುಗಿದ ಎಷ್ಟು ಕಾಲದೊಳಗೆ ಸೇರಬೇಕಾಯಿತು? ಮೊದಲೇ ಇಮ್ಯುನೋಥೆರಪಿ ತಗೊಂಡಿದ್ದರೆ ಸೇರಿಸಿಕೊಳ್ಳುತ್ತಾರಾ? ಹಳೇ ಬಯಾಪ್ಸಿ ಬ್ಲಾಕ್ (ಮೇಣದಲ್ಲಿ ಕಾಪಾಡಿಟ್ಟ ಗಡ್ಡೆಯ ಚೂರು) ಕೇಳಿದರಾ? ಆಂಕಾಲಜಿಸ್ಟ್ ಹತ್ತಿರ ಈ ಮಾತು ಹೇಗೆ ತೆಗೆದಿರಿ? ಗಿಡಮೂಲಿಕೆ, ಪಥ್ಯದ ಸಲಹೆ ಮಾತ್ರ ಬೇಡ. ಇಲ್ಲಿ ಬರೆಯಲು ಕಷ್ಟವಾದರೆ ಮೆಸೇಜ್ ಮಾಡಿ.